ಕಮಲವಲ್ಲದ ಬ್ರಹ್ಮಕಮಲ

ಮುಂಗಾರು ಕಾಲಿಟ್ಟು ಕೆಲವು ವಾರ ಕಳೆಯುವ ಹೊತ್ತಿಗೆ ಕನ್ನಡ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದು ಚಿತ್ರ ತಪ್ಪದೆ ಕಾಣಿಸಿಕೊಳ್ಳುತ್ತದೆ. ಅಂಗೈಗಿಂತ ದೊಡ್ಡದಾದ ಬಿಳಿಯ ಹೂವು, ಪಕ್ಕದಲ್ಲಿ ನಗುತ್ತ ನಿಂತ ಮನೆಯವರು, ಕೆಳಗೆ ಎರಡು ಸಾಲು: ಇಂಥ ಊರಿನ ಇಂಥವರ ಮನೆಯಂಗಳದಲ್ಲಿ ಅಪರೂಪದ ಬ್ರಹ್ಮಕಮಲ ಅರಳಿ ನೋಡುಗರ ಗಮನ ಸೆಳೆಯಿತು. ಒಂದೇ ವಾರದಲ್ಲಿ ನಾಲ್ಕಾರು ಊರುಗಳಿಂದ ಇದೇ ಚಿತ್ರ ಬರುವುದೂ ಉಂಟು. ಇಷ್ಟೊಂದು ಮನೆಗಳಲ್ಲಿ ಅರಳುವ ಹೂವು ಅಪರೂಪದ್ದು ಹೇಗಾದೀತು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಕೇಳದಿರುವುದಕ್ಕೂ ಕಾರಣವಿದೆ. ಸಂಜೆಯವರೆಗೆ ಮುಚ್ಚಿಕೊಂಡಿದ್ದ ಮೊಗ್ಗು ರಾತ್ರಿ ಎಂಟು ಒಂಬತ್ತರ ಸುಮಾರಿಗೆ ಬಿರಿಯಲು ತೊಡಗುತ್ತದೆ. ಪರಿಮಳ ಬೀದಿಯವರೆಗೂ ಹರಡುತ್ತದೆ. ನಡುರಾತ್ರಿಯ ಹೊತ್ತಿಗೆ ಹೂವು ಪೂರ್ತಿ ಅರಳಿರುತ್ತದೆ. ಬೆಳಗಾಗುವಷ್ಟರಲ್ಲಿ ಸೋತು ಜೋತು ಬಿದ್ದಿರುತ್ತದೆ. ನೋಡಬೇಕೆಂದರೆ ನಿದ್ದೆ ಬಿಡಬೇಕು. ಹಾಗಾಗಿ ಅಕ್ಕಪಕ್ಕದವರನ್ನು ಕರೆಯುವುದು, ಗಿಡಕ್ಕೆ ಅರಿಸಿನ ಕುಂಕುಮ ಹಚ್ಚಿ ಆರತಿ ಎತ್ತುವುದು, ಬಂದವರಿಗೆ ಕಾಫಿ ಕೊಡುವುದು, ಇವೆಲ್ಲ ಸೇರಿ ಒಂದು ಹೂವಿನ ಅರಳುವಿಕೆ ಬೀದಿಯ ಹಬ್ಬವಾಗುತ್ತದೆ. ಹೂವಿನ ನಡುವೆ ಇರುವ ಶಲಾಕೆಯ ಕವಲುಗಳಲ್ಲಿ ಬ್ರಹ್ಮನನ್ನು, ಸುತ್ತಲಿನ ಕೇಸರಗಳ ಗುಂಪಿನಲ್ಲಿ ಹೆಡೆ ಎತ್ತಿದ ಶೇಷನನ್ನು ಕಾಣುವವರಿದ್ದಾರೆ. ಅರಳುವುದನ್ನು ಕಣ್ಣಾರೆ ಕಂಡು ಬೇಡಿಕೊಂಡರೆ ನೆನೆದದ್ದು ನೆರವೇರುತ್ತದೆ ಎಂಬ ನಂಬಿಕೆಯೂ ಇದೆ.

ಆದರೆ ಈ ಗಿಡ ಕಮಲವಲ್ಲ. ಪುರಾಣಕಾಲದ್ದೂ ಅಲ್ಲ. ಇದು ಕಳ್ಳಿ. ಮೆಕ್ಸಿಕೋದ ದಕ್ಷಿಣ ಭಾಗದಿಂದ ಮಧ್ಯ ಅಮೆರಿಕದವರೆಗಿನ ಕಾಡುಗಳಲ್ಲಿ ಮರದ ಕೊಂಬೆಗಳ ಮೇಲೆ ಜೋತಾಡಿಕೊಂಡು ಬೆಳೆಯುವ ಕಳ್ಳಿ.

ಎರಡು ಗಿಡ, ಒಂದೇ ಹೆಸರು

ಬ್ರಹ್ಮಕಮಲ ಎಂಬ ಹೆಸರಿಗೆ ಮೊದಲ ಹಕ್ಕುದಾರ ಬೇರೆಯೇ ಇದೆ. ಹಿಮಾಲಯದಲ್ಲಿ, ಸಮುದ್ರಮಟ್ಟದಿಂದ ಸುಮಾರು 3,700ರಿಂದ 4,600 ಮೀಟರ್ ಎತ್ತರದಲ್ಲಿ, ಕಲ್ಲುಬಂಡೆಗಳ ಸಂದಿನಲ್ಲಿ ಬೆಳೆಯುವ ಮೋಟು ಗಿಡ ಅದು. ಸಸ್ಯಶಾಸ್ತ್ರಜ್ಞರು ಅದನ್ನು ಸಾಸುರಿಯಾ ಆಬ್ವಲ್ಲಾಟಾ ಎನ್ನುತ್ತಾರೆ. ಅದು ಸೇರಿರುವುದು ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬಕ್ಕೆ. ನಿಜವಾದ ಹೂಗಳು ನೇರಳೆ ಬಣ್ಣದ ಚಿಕ್ಕ ಗೊಂಚಲು. ಅವುಗಳನ್ನು ಚಳಿಯಿಂದ ಕಾಯಲು ಸುತ್ತ ತೆಳುಹಸಿರು ಮಿಶ್ರಿತ ಹಳದಿಯ, ಕಾಗದದಂಥ ಎಲೆಗಳ ದೊನ್ನೆ. ಕೇದಾರನಾಥ, ಬದರೀನಾಥಗಳಲ್ಲಿ ದೇವರಿಗೆ ಏರಿಸುವುದು ಇದನ್ನೇ. 1982ರಲ್ಲಿ ಅಂಚೆ ಇಲಾಖೆ ಹಿಮಾಲಯದ ಹೂಗಳ ಮೇಲೆ ತಂದ ಅಂಚೆಚೀಟಿಗಳಲ್ಲೂ ಇದಕ್ಕೆ ಜಾಗ ಸಿಕ್ಕಿತ್ತು. 2000ದಲ್ಲಿ ಹುಟ್ಟಿದ ಉತ್ತರಾಖಂಡ ಇದನ್ನೇ ತನ್ನ ರಾಜ್ಯಪುಷ್ಪವಾಗಿ ಆರಿಸಿಕೊಂಡಿತು.

ಈ ಗಿಡವನ್ನು ಬೆಂಗಳೂರಿನ ಬಾಲ್ಕನಿಯಲ್ಲಿ ಬೆಳೆಸುವುದು ಆಗದ ಮಾತು. ವರ್ಷದ ಹಲವು ತಿಂಗಳು ಹಿಮದಡಿ ಮಲಗಿ ಅದಕ್ಕೆ ರೂಢಿ. ಬಯಲು ಸೀಮೆಯವರಾಗಲಿ, ಕರಾವಳಿಯವರಾಗಲಿ ಸಸಿ ಮಾರುವವರಿಂದ ‘ಹಿಮಾಲಯದ ಅಸಲಿ ಬ್ರಹ್ಮಕಮಲ’ ಎಂಬ ಮಾತು ಕೇಳಿ ಹೆಚ್ಚು ಬೆಲೆ ತೆತ್ತರೆ, ಮನೆಗೆ ಬರುವುದು ಬಹುಪಾಲು ಎದುರುಮನೆಯವರು ಬಿಟ್ಟಿಯಾಗಿ ಕೊಡಬಹುದಾಗಿದ್ದ ಅದೇ ಕಳ್ಳಿಯ ತುಂಡು.

ಆ ಕಳ್ಳಿಯ ಹೆಸರು ಎಪಿಫಿಲಮ್ ಆಕ್ಸಿಪೆಟಾಲಮ್. ಬ್ರಿಟನ್ನಿನ ಆಡ್ರಿಯನ್ ಹಾವರ್ತ್ ಎಂಬ ಸಸ್ಯತಜ್ಞ 1812ರಲ್ಲಿ ಎಪಿಫಿಲಮ್ ಎಂಬ ಕುಲನಾಮವನ್ನು ಬಳಕೆಗೆ ತಂದ. ಗ್ರೀಕಿನಲ್ಲಿ ಅದರ ಅರ್ಥ ‘ಎಲೆಯ ಮೇಲೆ’. ಹೂವು ಎಲೆಯಂಚಿನಿಂದಲೇ ಹೊರಡುವಂತೆ ಕಾಣುವುದರಿಂದ ಆ ಹೆಸರು. ತಮಾಷೆಯೆಂದರೆ ಅದೂ ಸರಿಯಲ್ಲ. ನಮ್ಮ ಮನೆಗಳಲ್ಲಿ ‘ಎಲೆಯಲ್ಲೇ ಹೂ ಬಿಡುವ ಗಿಡ’ ಎಂದು ಮಕ್ಕಳಿಗೆ ತೋರಿಸುವ ಆ ಚಪ್ಪಟೆ ಹಸಿರು ಪಟ್ಟಿ ಎಲೆಯಲ್ಲ, ಕಾಂಡ. ಕಳ್ಳಿಗಳ ಕಾಂಡದ ಮೇಲೆ ಮುಳ್ಳು ಹುಟ್ಟುವ ಕಣ್ಣುಗಳಿರುತ್ತವೆ. ಈ ಗಿಡದಲ್ಲಿ ಮುಳ್ಳು ಮಾಯವಾಗಿದೆ, ಕಣ್ಣು ಉಳಿದಿದೆ. ಪಟ್ಟಿಯ ಅಂಚಿನಲ್ಲಿ ಕಚ್ಚು ಬಿದ್ದಂತೆ ಕಾಣುವ ಪ್ರತಿಯೊಂದು ತಗ್ಗಿನಲ್ಲೂ ಒಂದು ಕಣ್ಣು, ಅಲ್ಲಿಂದಲೇ ಮೊಗ್ಗು. ಅಂತೂ ಬ್ರಹ್ಮಕಮಲವೆಂದ ಜನರೂ ತಪ್ಪಿದರು, ಎಲೆಯ ಮೇಲಿನದು ಎಂದ ಪಂಡಿತರೂ ತಪ್ಪಿದರು.

ಹೆಸರು ತಪ್ಪಾಗಿ ಅಂಟಿಕೊಂಡದ್ದು ಕರ್ನಾಟಕದಲ್ಲಿ ಮಾತ್ರವಲ್ಲ. ಚೀನಾದಲ್ಲಿ ಇದೇ ಕಳ್ಳಿಯನ್ನು ‘ತಾನ್ ಹುವಾ’ ಎನ್ನುತ್ತಾರೆ. ಆ ‘ತಾನ್’ ಬಂದದ್ದು ಸಂಸ್ಕೃತದ ಉದುಂಬರದಿಂದ, ಅಂದರೆ ನಮ್ಮ ಅತ್ತಿಯಿಂದ. ಅತ್ತಿಯ ಹೂವು ಕಾಯಿಯೊಳಗೇ ಅಡಗಿರುವುದರಿಂದ ಅದನ್ನು ಕಂಡವರಿಲ್ಲ. ಮೂರು ಸಾವಿರ ವರ್ಷಕ್ಕೊಮ್ಮೆ ಅರಳುವ ಹೂವೆಂದು ಬೌದ್ಧ ಗ್ರಂಥಗಳಲ್ಲಿ ಅದು ದುರ್ಲಭತೆಯ ಸಂಕೇತವಾಯಿತು. ಬೌದ್ಧ ಧರ್ಮದೊಡನೆ ಶಬ್ದ ಚೀನಾಕ್ಕೆ ಹೋಯಿತು. ಮುಂದೆ ಅಮೆರಿಕದ ಕಳ್ಳಿ ಅಲ್ಲಿಗೆ ಬಂದಾಗ ಒಂದೇ ರಾತ್ರಿ ಕಂಡು ಮರೆಯಾಗುವ ಹೂವಿಗೆ ಆ ಹಳೆಯ ಹೆಸರು ಒದಗಿತು. ಜಪಾನಿನವರು ‘ಬೆಳದಿಂಗಳ ಚೆಲುವೆ’ ಎಂದರು. ಇಂಡೋನೇಷ್ಯಾದಲ್ಲಿ ಅದು ವಿಜಯಕುಸುಮ. ಕೇರಳದಲ್ಲಿ ನಿಶಾಗಂಧಿ; ತಿರುವನಂತಪುರದ ನೃತ್ಯೋತ್ಸವಕ್ಕೂ ಆ ಹೆಸರಿದೆ. ಎಲ್ಲ ಹೆಸರುಗಳ ಪೈಕಿ ಸುಳ್ಳು ಹೇಳದಿರುವುದು ಮಲಯಾಳಿಗಳ ಹೆಸರೇ ಇರಬೇಕು.

ಕಳ್ಳಿಗಳ ಮನೆ ಎಲ್ಲಿ?

ಕನ್ನಡದಲ್ಲಿ ಕಳ್ಳಿ ಎಂಬ ಶಬ್ದ ಎರಡು ಬೇರೆ ಬೇರೆ ಕುಲಗಳಿಗೆ ಸಲ್ಲುತ್ತದೆ. ಹೊಲದ ಬೇಲಿಯ ಮುಂಡುಗಳ್ಳಿ, ಎಲೆಗಳ್ಳಿಗಳು ನಮ್ಮ ನಾಡಿನವೇ. ಮುರಿದರೆ ಹಾಲು ಸುರಿಯುತ್ತದೆ. ಅವು ಹರಳು ಗಿಡದ ಬಳಗ. ಪಾಪಾಸುಕಳ್ಳಿಯನ್ನು ಮುರಿದರೆ ಹಾಲು ಬರುವುದಿಲ್ಲ. ಅದು ಅಮೆರಿಕ ಮೂಲದ ಕ್ಯಾಕ್ಟಸ್. ಕೊಲಂಬಸ್ 1492ರಲ್ಲಿ ಅಟ್ಲಾಂಟಿಕ್ ದಾಟುವವರೆಗೆ ಭಾರತದಲ್ಲಿ ಯಾರೂ ಕ್ಯಾಕ್ಟಸ್ ಜಾತಿಯ ಒಂದು ಗಿಡವನ್ನೂ ಕಂಡಿರಲಾರರು. ಮೆಣಸಿನಕಾಯಿ, ಗೋಡಂಬಿ, ಸೀತಾಫಲಗಳಂತೆ ಇವೂ ಹಡಗು ಹತ್ತಿ ಬಂದವು. ಆದ್ದರಿಂದ ನಮ್ಮ ಕುಂಡದ ಬ್ರಹ್ಮಕಮಲದ ಬಗ್ಗೆ ಯಾವುದಾದರೂ ಪುರಾಣದಲ್ಲಿ ಉಲ್ಲೇಖವಿದೆ ಎಂದು ಯಾರಾದರೂ ಹೇಳಿದರೆ ನಂಬುವ ಅಗತ್ಯವಿಲ್ಲ.

ಇಡೀ ಕ್ಯಾಕ್ಟಸ್ ಕುಟುಂಬದಲ್ಲಿ ಹಳೆಯ ಜಗತ್ತಿನಲ್ಲೂ ತಾನೇ ತಾನಾಗಿ ಬೆಳೆಯುವುದು ಒಂದೇ ಒಂದು: ರಿಪ್ಸಾಲಿಸ್ ಬಕ್ಸಿಫೆರಾ. ಎಳೆ ಎಳೆಯಾಗಿ ಹಸಿರು ಶ್ಯಾವಿಗೆಯಂತೆ ಇಳಿಬೀಳುವ, ಮುತ್ತಿನಂಥ ಬಿಳಿ ಹಣ್ಣು ಬಿಡುವ ಗಿಡ. ಅಮೆರಿಕದಲ್ಲಷ್ಟೇ ಅಲ್ಲದೆ ಆಫ್ರಿಕ, ಮಡಗಾಸ್ಕರ್ ಮತ್ತು ಶ್ರೀಲಂಕಾದ ಕಾಡುಗಳಲ್ಲೂ ಅದಿದೆ. ಸಾಗರ ದಾಟಿದ್ದು ಹೇಗೆ ಎಂಬುದು ಸಸ್ಯಶಾಸ್ತ್ರಜ್ಞರ ಹಳೆಯ ಜಗಳ. ಭೂಖಂಡಗಳು ಒಂದಾಗಿದ್ದ ಕಾಲದ ಪಳೆಯುಳಿಕೆ ಎನ್ನುವಂತಿಲ್ಲ. ಆಫ್ರಿಕ ಮತ್ತು ದಕ್ಷಿಣ ಅಮೆರಿಕ ದೂರವಾಗಿ ಸುಮಾರು ಹತ್ತು ಕೋಟಿ ವರ್ಷವಾಯಿತು, ಕ್ಯಾಕ್ಟಸ್ ಕುಟುಂಬ ಅದಕ್ಕಿಂತ ಬಹಳ ಈಚಿನದು. ಅಂಟು ಬೀಜವನ್ನು ಹಕ್ಕಿಗಳು ಹೊತ್ತು ತಂದವೆಂದು ಹಲವರು, ಹಡಗಿನವರು ತಂದರೆಂದು ಕೆಲವರು ವಾದಿಸುತ್ತಾರೆ.

ಮರದ ಮೇಲಿನ ಬಾಳು

ಕಳ್ಳಿಯೆಂದರೆ ಮರಳುಗಾಡು, ಬಿಸಿಲು, ಮುಳ್ಳು ಎಂಬ ಚಿತ್ರ ಮನಸ್ಸಿನಲ್ಲಿ ಕೂತಿರುತ್ತದೆ. ಜೋತು ಬೀಳುವ ಈ ಕಳ್ಳಿಗಳ ಬಾಳು ಅದಕ್ಕೆ ತದ್ವಿರುದ್ಧ. ಮಳೆಕಾಡಿನ, ಮಂಜುಕಾಡಿನ ಎತ್ತರದ ಮರಗಳ ಕವಲುಗಳಲ್ಲಿ, ಹಾವಸೆ ಮತ್ತು ಕೊಳೆತ ತರಗೆಲೆಗಳ ತೆಳು ಪದರದಲ್ಲಿ ಅವು ಬೇರೂರುತ್ತವೆ. ಮರದ ರಸ ಹೀರುವುದಿಲ್ಲ. ಮಾವಿನ ಮರವನ್ನು ಒಣಗಿಸುವ ಬಂದಳಿಕೆಗೂ ಇವುಗಳಿಗೂ ಸಂಬಂಧವಿಲ್ಲ. ಮಲೆನಾಡಿನ ಮರಗಳಲ್ಲಿ ಮಳೆಗಾಲದಲ್ಲಿ ಹೂಗೊಂಚಲು ಇಳಿಬಿಡುವ ಸೀತಾಳೆ ದಂಡೆ ಹೇಗೋ ಹಾಗೆ. ಮರ ಇವಕ್ಕೆ ಕೂರಲು ಜಾಗ ಕೊಡುತ್ತದೆ, ಅಷ್ಟೇ. ಪಠ್ಯಪುಸ್ತಕಗಳು ಇವನ್ನು ಅಧಿಸಸ್ಯಗಳು ಎನ್ನುತ್ತವೆ.

ಈ ಒಂದು ಸಂಗತಿ ಅರ್ಥವಾದರೆ ಆರೈಕೆಯ ಮುಕ್ಕಾಲು ಪಾಲು ಅರ್ಥವಾದಂತೆ. ಕೊಂಬೆಯ ಮೇಲಿನ ಗಿಡಕ್ಕೆ ದಿನವೂ ಮಳೆ ಬೀಳಬಹುದು. ಆದರೆ ನೀರು ನಿಲ್ಲುವುದಿಲ್ಲ, ಕ್ಷಣದಲ್ಲಿ ಹರಿದು ಹೋಗುತ್ತದೆ. ಬೇರುಗಳಿಗೆ ಸದಾ ಗಾಳಿ ಆಡುತ್ತಿರುತ್ತದೆ. ತಲೆಯ ಮೇಲೆ ಮರದ ಹಂದರವಿರುವುದರಿಂದ ಬಿಸಿಲು ಸೋಸಿ ಬರುತ್ತದೆ. ಗೊಬ್ಬರವೆಂದರೆ ಕೊಳೆತ ಎಲೆ, ಹಕ್ಕಿಯ ಹಿಕ್ಕೆ. ಮಳೆ ನಿಂತ ತಿಂಗಳುಗಳಲ್ಲಿ ಕಾಂಡದಲ್ಲಿ ಕೂಡಿಟ್ಟ ನೀರೇ ಗತಿ.

ಮನೆಗಳಲ್ಲಿ ಈ ಗಿಡ ಸಾಯುವುದು ಎರಡು ಕಾರಣಕ್ಕೆ. ಕಳ್ಳಿ ಎಂದು ಗೊತ್ತಾದವರು ಮರಳುಗಾಡಿನ ಗಿಡವೆಂದುಕೊಂಡು ತಾರಸಿಯ ಮೇಲೆ ಉರಿಬಿಸಿಲಿಗೆ ಇಟ್ಟು ನೀರು ಮರೆಯುತ್ತಾರೆ. ಕಮಲ ಎಂದು ನಂಬಿದವರು ದಿನವೂ ಪೂಜೆಯ ನೀರು ಸುರಿದು ಕೆಸರು ಮಾಡುತ್ತಾರೆ. ಎರಡರಲ್ಲಿ ಹೆಚ್ಚು ಗಿಡಗಳನ್ನು ಕೊಂದಿರುವುದು ಎರಡನೆಯ ಭಕ್ತಿಯೇ.

ಕುಂಡ, ಮಣ್ಣು, ನೀರು

ತೋಟದ ಕೆಂಪುಮಣ್ಣನ್ನೇ ತುಂಬಿದರೆ ಅದು ಒಂದೆರಡು ಮಳೆಗಾಲದಲ್ಲಿ ಗಟ್ಟಿಯಾಗಿ ಬೇರಿನ ಉಸಿರು ಕಟ್ಟುತ್ತದೆ. ಚೆನ್ನಾಗಿ ಕಳಿತ ಎಲೆಗೊಬ್ಬರ, ತೆಂಗಿನ ನಾರಿನ ಪುಡಿ, ದಪ್ಪ ಮರಳು ಅಥವಾ ಇಟ್ಟಿಗೆ ಚೂರು ಹೆಚ್ಚುಕಡಿಮೆ ಸಮ ಪಾಲಿನಲ್ಲಿ, ಜೊತೆಗೆ ಒಂದು ಹಿಡಿ ಇದ್ದಿಲಿನ ಚೂರು, ಇಷ್ಟು ಸಾಕು. ಹಿಡಿಯಲ್ಲಿ ಹಿಂಡಿ ಬಿಟ್ಟರೆ ಉಂಡೆಯಾಗದೆ ಉದುರಬೇಕು, ಅದೇ ಪರೀಕ್ಷೆ. ಕುಂಡದ ತಳದಲ್ಲಿ ತೂತು ಇರಲೇಬೇಕು. ಕುಂಡ ದೊಡ್ಡದಾದಷ್ಟೂ ಗಿಡ ಚೆನ್ನಾಗಿ ಬರುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯದು. ಬೇರು ಸ್ವಲ್ಪ ಇಕ್ಕಟ್ಟಾಗಿದ್ದಾಗಲೇ ಹೂವು ಚೆನ್ನಾಗಿ ಬರುತ್ತದೆ. ದೊಡ್ಡ ಕುಂಡದಲ್ಲಿ ಬಳಕೆಯಾಗದ ಮಣ್ಣು ಒದ್ದೆಯಾಗಿಯೇ ಉಳಿದು ಬೇರು ಕೊಳೆಯುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಮಣ್ಣು ಬದಲಿಸಿದರೆ ಸಾಕು.

ನೀರಿಗೆ ಗಡಿಯಾರದ ಲೆಕ್ಕವಿಲ್ಲ. ಬೆರಳನ್ನು ಮಣ್ಣಿಗೆ ಒಂದು ಅಂಗುಲ ಇಳಿಸಿ ನೋಡಬೇಕು. ಒಣಗಿದ್ದರೆ ತಳದಿಂದ ಹರಿಯುವಷ್ಟು ಹಾಕಬೇಕು, ಹಸಿಯಿದ್ದರೆ ಬಿಡಬೇಕು. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಬೇಕು. ಬೆಂಗಳೂರು, ಮೈಸೂರಿನ ಹವೆಗೆ ಬೇಸಿಗೆಯಲ್ಲಿ ವಾರಕ್ಕೆ ಎರಡು ಬಾರಿ, ಚಳಿಗಾಲದಲ್ಲಿ ಹತ್ತು ದಿನಕ್ಕೊಮ್ಮೆ ಎಂಬುದು ಸ್ಥೂಲವಾದ ಅಂದಾಜು. ಕರಾವಳಿ, ಮಲೆನಾಡಿನಲ್ಲಿ ಆಷಾಢದ ಮಳೆಗೆ ಗಿಡವನ್ನು ಬಯಲಿನಲ್ಲಿ ಬಿಡದೆ ಸೂರಿನಡಿಗೆ ತರುವುದು ಕ್ಷೇಮ. ಕಲಬುರಗಿ, ರಾಯಚೂರಿನಂಥ ಕಡೆ ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದರಿಂದ ಉತ್ತರದ ಗೋಡೆಯ ನೆರಳು, ಸಂಜೆ ಹೊತ್ತು ಕಾಂಡಕ್ಕೆ ನೀರಿನ ತುಂತುರು ಬೇಕಾಗುತ್ತದೆ.

ಬೆಳಕಿನ ವಿಷಯದಲ್ಲಿ ಗಿಡವೇ ಮಾತಾಡುತ್ತದೆ. ಕಾಂಡದ ಅಂಚು ಕೆಂಪಾಗಿ, ಮೈ ಹಳದಿಗೆ ತಿರುಗಿದರೆ ಬಿಸಿಲು ಹೆಚ್ಚಾಯಿತು ಎಂದರ್ಥ. ಕಾಂಡ ಕಡುಹಸಿರಾಗಿ, ಸಪೂರವಾಗಿ ಕಿಟಕಿಯತ್ತ ಬಾಗುತ್ತಿದ್ದರೆ ಬೆಳಕು ಸಾಲದು. ಬೆಳಗಿನ ಒಂದೆರಡು ಗಂಟೆಯ ಎಳೆಬಿಸಿಲು, ಉಳಿದ ಹೊತ್ತು ನೆರಳಿನ ಬೆಳಕು ಸಿಗುವ ಪೂರ್ವದ ಬಾಲ್ಕನಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ಬುಡದಿಂದ ಚಾಟಿಯಂತೆ ಉದ್ದಕ್ಕೆ ಏಳುವ ದುಂಡು ಕಾಂಡಗಳನ್ನು ಕಂಡು ಗಾಬರಿಯಾಗುವವರಿದ್ದಾರೆ. ಅದು ರೋಗವಲ್ಲ; ಮೇಲೆ ಹತ್ತಲು ಗಿಡ ಚಾಚಿದ ಕೈ. ತುದಿಯಲ್ಲಿ ಅದೇ ಮುಂದೆ ಚಪ್ಪಟೆಯಾಗುತ್ತದೆ. ಹಳೆಯ ಗಿಡದ ಬುಡ ಬೆಂಡಿನಂತೆ ಕಂದುಬಣ್ಣಕ್ಕೆ ತಿರುಗುವುದೂ ವಯಸ್ಸಿನ ಗುರುತು ಅಷ್ಟೇ. ಆದರೆ ಬುಡ ಕಪ್ಪಾಗಿ ಮೆತ್ತಗಾದರೆ ಕೊಳೆ ರೋಗ ಹತ್ತಿದೆ ಎಂದೇ ತಿಳಿಯಬೇಕು. ಆಗ ಔಷಧಿ ಹುಡುಕುತ್ತ ಕೂರದೆ ಮೇಲಿನ ಗಟ್ಟಿ ಭಾಗವನ್ನು ಕತ್ತರಿಸಿ ಹೊಸದಾಗಿ ನೆಡುವುದೊಂದೇ ದಾರಿ.

ಇದರ ಮುಖ್ಯ ಶತ್ರು ಹಿಟ್ಟುತಿಗಣೆ. ಕಣ್ಣುಗಳ ಬಳಿ ಹತ್ತಿಯ ಚೂರು ಅಂಟಿದಂತೆ ಕಾಣುತ್ತದೆ. ಕೆಲವೇ ಇದ್ದಾಗ ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿದರೆ ಮುಗಿಯಿತು. ಹೆಚ್ಚಾದರೆ ಸಾಬೂನು ನೀರಿನಲ್ಲಿ ಕದಡಿದ ಬೇವಿನ ಎಣ್ಣೆ ಸಿಂಪಡಿಸಬೇಕು, ಅದೂ ಬಿಸಿಲಿಳಿದ ಮೇಲೆ. ಮಳೆಗಾಲದಲ್ಲಿ ಬಸವನಹುಳು ರಾತ್ರಿ ಬಂದು ಎಳೆಯ ಚಿಗುರು, ಮೊಗ್ಗುಗಳನ್ನು ಮೇಯುತ್ತದೆ. ಟಾರ್ಚು ಹಿಡಿದು ಹೆಕ್ಕುವುದಕ್ಕಿಂತ ಉತ್ತಮ ಉಪಾಯವಿಲ್ಲ.

ಹೂವೇಕೆ ಬಿಡಲಿಲ್ಲ?

ಸಸಿ ತಂದು ಐದು ವರ್ಷವಾಯಿತು, ಇನ್ನೂ ಹೂವಿಲ್ಲ ಎಂಬ ದೂರು ಸಾಮಾನ್ಯ. ಹನ್ನೆರಡು ವರ್ಷಕ್ಕೊಮ್ಮೆ ಅರಳುತ್ತದೆ ಎಂಬ ಮಾತನ್ನು ನಂಬಿ ಕಾಯುವವರೂ ಇದ್ದಾರೆ. ತುಂಡಿನಿಂದ ಬೆಳೆದ ಗಿಡ ಸರಿಯಾದ ಆರೈಕೆಯಲ್ಲಿ ಎರಡು ಮೂರು ವರ್ಷದಲ್ಲೇ ಹೂ ಬಿಡಬೇಕು; ಬಲಿತ ಗಿಡ ಒಂದೇ ಋತುವಿನಲ್ಲಿ ಎರಡು ಮೂರು ಸುತ್ತು ಹೂ ಬಿಡುವುದು ವಿಶೇಷವೇನಲ್ಲ. ಒಂದೇ ರಾತ್ರಿ ಹತ್ತಿಪ್ಪತ್ತು ಹೂವು ಅರಳಿದ ಗಿಡಗಳ ಚಿತ್ರಗಳೂ ಪತ್ರಿಕೆಗಳಿಗೆ ಬರುತ್ತಿರುತ್ತವೆ.

ಹೂವು ಬಾರದಿರುವುದಕ್ಕೆ ಮೊದಲ ಕಾರಣ ಕತ್ತಲು ಮೂಲೆ. ಎರಡನೆಯದು ಅತಿಯಾದ ಗೊಬ್ಬರ. ಯೂರಿಯಾ ಅಥವಾ ಹಸಿ ಸಗಣಿ ತಿಂದ ಗಿಡ ಮೈತುಂಬ ಹಸಿರಾಗಿ ಸೊಕ್ಕುತ್ತದೆ, ಹೂವಿನ ಗೊಡವೆಗೆ ಹೋಗುವುದಿಲ್ಲ. ಚಳಿಗಾಲದಲ್ಲಿ ನೀರು ಕಡಿಮೆ ಮಾಡಿ, ಗೊಬ್ಬರ ನಿಲ್ಲಿಸಿ ಗಿಡಕ್ಕೆ ವಿಶ್ರಾಂತಿ ಕೊಡಬೇಕು. ಶಿವರಾತ್ರಿಯ ಹೊತ್ತಿಗೆ ಒಂದು ಹಿಡಿ ಮೂಳೆಪುಡಿ, ಸ್ವಲ್ಪ ಬೇವಿನ ಹಿಂಡಿ ಕೊಟ್ಟು ನೀರು ಹೆಚ್ಚಿಸಿದರೆ ಮುಂಗಾರಿಗೆ ಮೊಗ್ಗು ಕಾಣಿಸುವ ಸಂಭವ ಹೆಚ್ಚು. ಮೂರನೆಯ ಕಾರಣ ಕತ್ತರಿ. ಗಿಡ ಅಂದವಾಗಿರಲೆಂದು ಉದ್ದವಾದ ಹಳೆಯ ಕಾಂಡಗಳನ್ನು ಸವರುವವರು ಹೂವು ಬಿಡಬೇಕಾದ ಕಣ್ಣುಗಳನ್ನೇ ಸವರಿರುತ್ತಾರೆ. ಅಂದವಾಗಿರುವುದು ಈ ಗಿಡದ ಗುಣವಲ್ಲ ಎಂದು ಒಪ್ಪಿಕೊಳ್ಳುವುದು ಮೇಲು. ವರ್ಷದ ಹನ್ನೊಂದು ತಿಂಗಳು ಅದು ಅಸ್ತವ್ಯಸ್ತವಾಗಿ ಜೋತಾಡುತ್ತಿರುತ್ತದೆ.

ಮೊಗ್ಗು ಬಂದ ಮೇಲಿನ ಮೂರು ನಾಲ್ಕು ವಾರ ನಾಜೂಕಿನ ಕಾಲ. ಮೊದಲು ಕೆಳಮುಖವಾಗಿ ಇಳಿಯುವ ಮೊಗ್ಗು ಅರಳುವ ಮುನ್ನ ಕೊಕ್ಕೆಯಂತೆ ಬಾಗಿ ತಲೆ ಎತ್ತುತ್ತದೆ. ಹಾಗೆ ತಲೆ ಎತ್ತಿ ಉಬ್ಬಿದಾಗ ಒಂದೆರಡು ರಾತ್ರಿಯಲ್ಲಿ ಅರಳುತ್ತದೆಂದು ನೆಂಟರಿಗೆ ಹೇಳಿ ಕಳುಹಿಸಬಹುದು. ಈ ಅವಧಿಯಲ್ಲಿ ಕುಂಡದ ಜಾಗ ಬದಲಿಸಿದರೆ, ಮಣ್ಣು ಪೂರ್ತಿ ಒಣಗಿದರೆ ಅಥವಾ ನೀರು ನಿಂತರೆ, ತಾಪಮಾನ ಒಮ್ಮೆಲೇ ಏರುಪೇರಾದರೆ ಮೊಗ್ಗು ಹಳದಿಯಾಗಿ ಉದುರುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ತುಳಸಿ, ಮಲ್ಲಿಗೆಗಳ ಬಗ್ಗೆ ಇರುವಂತೆ ಈ ಗಿಡದ ಬಗ್ಗೆಯೂ, ಮುಟ್ಟಾದ ಹೆಣ್ಣುಮಕ್ಕಳು ಹತ್ತಿರ ಹೋದರೆ ಮೊಗ್ಗು ಉದುರುತ್ತದೆ ಎಂಬ ಮಾತು ಕೆಲವು ಮನೆಗಳಲ್ಲಿ ಇಂದಿಗೂ ಇದೆ. ದೇವರ ಹೆಸರಿನ ಗಿಡವಾದ್ದರಿಂದ ಮಡಿಯ ಕಟ್ಟು ಇನ್ನೂ ಬಿಗಿ. ಮೊಗ್ಗು ಉದುರಿದ ಬೆಳಿಗ್ಗೆ ಮನೆಯ ಸೊಸೆಯೋ ಶಾಲೆಗೆ ಹೋಗುವ ಮಗಳೋ ಮಾತು ಕೇಳಬೇಕಾಗುತ್ತದೆ. ಹಬ್ಬಕ್ಕೆಂದು ಜಗುಲಿಯಿಂದ ದೇವರ ಮನೆಯ ಮುಂದಕ್ಕೆ ಕುಂಡ ಎತ್ತಿ ಇಟ್ಟವರು ಯಾರು, ಎರಡು ದಿನ ಊರಿಗೆ ಹೋದಾಗ ನೀರು ಹಾಕಿದವರು ಯಾರು ಎಂದು ವಿಚಾರಿಸಿದರೆ ನಿಜವಾದ ಕಾರಣ ಸಿಗುತ್ತದೆ. ಗಿಡಕ್ಕೆ ಮೈಲಿಗೆ ತಿಳಿಯದು. ಹೂವು ಬಿಡದ ಗಿಡ ಮನೆಗೆ ಅಶುಭವೆಂದು ಕಿತ್ತೆಸೆಯುವುದೂ ಅಷ್ಟೇ ಅನ್ಯಾಯ. ಕಿತ್ತೆಸೆಯುವ ಮೊದಲು ಅದನ್ನು ಬೆಳಕಿರುವ ಕಡೆ ಒಂದು ವರ್ಷ ಇಟ್ಟು ನೋಡಬಾರದೇಕೆ?

ರಾತ್ರಿಯ ಲೆಕ್ಕ

ಹೂವು ರಾತ್ರಿಯೇ ಅರಳುವುದು ಯಾರ ಸಲುವಾಗಿ? ತವರಿನ ಕಾಡಿನಲ್ಲಿ ಇದರ ಅತಿಥಿ ಹಾಕ್ ಮಾತ್ ಎಂಬ ದೊಡ್ಡ ಪತಂಗ. ಕತ್ತಲಲ್ಲಿ ಎದ್ದು ಕಾಣಲು ಬಿಳಿ ಬಣ್ಣ, ದೂರದಿಂದ ಕರೆಯಲು ಪರಿಮಳ, ಉದ್ದ ನಾಲಗೆಯವರಿಗೆ ಮಾತ್ರ ಎಟುಕುವಂತೆ ಗೇಣುದ್ದದ ನಳಿಕೆಯ ತಳದಲ್ಲಿ ಮಕರಂದ. ನಮ್ಮ ಮನೆಗಳಲ್ಲಿ ಕಾಯಿ ಕಟ್ಟುವುದು ಬಲು ಅಪರೂಪ. ಬೀದಿಯಲ್ಲಿರುವ ಗಿಡಗಳೆಲ್ಲ ಒಂದೇ ಗಿಡದ ತುಂಡಿನಿಂದ ತುಂಡಾಗಿ ಬಂದವು. ತನ್ನದೇ ಪರಾಗ ಬಿದ್ದರೆ ಹೂವು ಫಲಿಸುವುದಿಲ್ಲ. ಅಕ್ಕಪಕ್ಕದ ಮನೆಗಳಲ್ಲಿ ಒಂದೇ ರಾತ್ರಿ ಹೂವು ಅರಳುವುದರ ಹಿಂದೆಯೂ ಇದೇ ಇದೆ: ಒಂದೇ ಗಿಡ, ಒಂದೇ ಮಳೆ, ಒಂದೇ ಹವೆ.

ಗಿಡದ ಉಸಿರಾಟವೂ ರಾತ್ರಿಯ ವ್ಯವಹಾರ. ಹಗಲು ಬಾಯಿ ತೆರೆದರೆ ನೀರು ಆವಿಯಾಗಿ ಹೋದೀತೆಂದು ಕಳ್ಳಿಗಳು ಚರ್ಮದ ರಂಧ್ರಗಳನ್ನು ರಾತ್ರಿ ತೆರೆಯುತ್ತವೆ. ಆಗ ಒಳಗೆಳೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲು ಬಿಸಿಲು ಬಂದಾಗ ಅದರಿಂದ ಸಕ್ಕರೆ ತಯಾರಿಸುತ್ತವೆ. ಇಷ್ಟನ್ನು ಅರೆಬರೆ ಕೇಳಿಕೊಂಡವರು ‘ರಾತ್ರಿ ಆಮ್ಲಜನಕ ಕೊಡುವ ಗಿಡ, ಮಲಗುವ ಕೋಣೆಗೆ ಶ್ರೇಷ್ಠ’ ಎಂದು ಮಾರುತ್ತಾರೆ. ಆಮ್ಲಜನಕ ಹೊರಬೀಳಲು ಬೆಳಕು ಬೇಕು. ಕತ್ತಲಲ್ಲಿ ಯಾವ ಗಿಡವೂ ಅದನ್ನು ತಯಾರಿಸದು.

ಬಳಗದ ಉಳಿದವರು

ಇದೇ ಬಳಗದಲ್ಲಿ ನಮ್ಮ ನರ್ಸರಿಗಳಿಗೆ ಹೆಚ್ಚು ಪರಿಚಿತವಾದದ್ದು ಕ್ರಿಸ್‌ಮಸ್ ಕಳ್ಳಿ. ಏಡಿಯ ಕಾಲಿನಂತೆ ಗೆಣ್ಣು ಗೆಣ್ಣಾಗಿ ಇಳಿಬೀಳುವ ಕಾಂಡದ ತುದಿಯಲ್ಲಿ ಗುಲಾಬಿ, ಕೆಂಪು, ಬಿಳಿ ಹೂವು. ಇದರ ತವರು ಬ್ರೆಜಿಲ್‌ನ ರಿಯೋ ಡಿ ಜನೈರೋ ಸುತ್ತಿನ ಕರಾವಳಿ ಬೆಟ್ಟಗಳು. ಅಲ್ಲಿ ಇದು ಅರಳುವುದು ಮೇ ತಿಂಗಳಲ್ಲಿ. ಹೆಸರೂ ‘ಮೇ ಹೂವು’ ಎಂದೇ. ಭೂಮಧ್ಯರೇಖೆಯ ಈಚೆಗೆ ಬಂದಾಗ ಋತು ತಿರುವುಮುರುವಾಗಿ ವರ್ಷದ ಕೊನೆಯ ಹೂವಾಯಿತು. ರಾತ್ರಿ ದೀರ್ಘವಾಗುವುದನ್ನು ಗುರುತಿಸಿ ಮೊಗ್ಗು ಬಿಡುವ ಗಿಡ ಇದು. ಅಕ್ಟೋಬರ್ ನಂತರ ಆರೇಳು ವಾರ ಉದ್ದನೆಯ ಕತ್ತಲು, 15–18 ಡಿಗ್ರಿಯ ತಂಪು ಸಿಕ್ಕರೆ ಮೊಗ್ಗು ಖಚಿತ. ಬೆಂಗಳೂರಿನಲ್ಲಿ ಡಿಸೆಂಬರ್ ರಾತ್ರಿ ಹನ್ನೆರಡೂವರೆ ಗಂಟೆಗೂ ಹೆಚ್ಚು ಇರುತ್ತದೆ. ಕೊಡಗು, ಚಿಕ್ಕಮಗಳೂರಿನಲ್ಲಿ ಚಳಿಯೂ ಸಾಕಷ್ಟಿದೆ. ಆದರೆ ಹಾಲಿನ ಟ್ಯೂಬ್‌ಲೈಟ್ ಕೆಳಗೆ, ಬೀದಿದೀಪದ ಎದುರು ಇಟ್ಟ ಗಿಡಕ್ಕೆ ರಾತ್ರಿಯಾದದ್ದೇ ತಿಳಿಯುವುದಿಲ್ಲ. ಮಂಗಳೂರಿನ ಸೆಕೆಯಲ್ಲಿ ಇದನ್ನು ಹೂ ಬಿಡಿಸುವುದು ಕಷ್ಟ.

ಬೆರಳು ಗಾತ್ರದ, ಮೃದು ಮುಳ್ಳಿನ ಹಗ್ಗಗಳಂತೆ ಮೂರು ನಾಲ್ಕು ಅಡಿ ಇಳಿಯುವ ಮೆಕ್ಸಿಕೋದ ಇಲಿಬಾಲದ ಕಳ್ಳಿಗೆ ಲಿನೇಯಸ್ 1753ರಲ್ಲೇ ಹೆಸರಿಟ್ಟಿದ್ದ. ಮೀನಿನ ಮುಳ್ಳಿನಂತೆ ಅಂಕುಡೊಂಕಾದ ಕಾಂಡದ ಮತ್ತೊಂದು ಮೆಕ್ಸಿಕೋ ಕಳ್ಳಿ ಈಚೆಗೆ ಒಳಾಂಗಣ ಅಲಂಕಾರದವರ ಕಣ್ಣಿಗೆ ಬಿದ್ದಿದೆ. ರಿಪ್ಸಾಲಿಸ್‌ಗೆ ಇವುಗಳೆಲ್ಲಕ್ಕಿಂತ ಹೆಚ್ಚು ನೆರಳು, ಹೆಚ್ಚು ತೇವದ ಗಾಳಿ ಬೇಕು. ಸ್ನಾನದ ಮನೆಯ ಬೆಳಕಿರುವ ಕಿಟಕಿಯಲ್ಲಿ ತೂಗುಹಾಕಿದರೆ ಸುಖವಾಗಿರುತ್ತದೆ. ಮಣ್ಣು, ನೀರಿನ ನಿಯಮ ಎಲ್ಲಕ್ಕೂ ಒಂದೇ.

ಡ್ರ್ಯಾಗನ್ ಫ್ರೂಟ್ ಕೂಡ ಬ್ರಹ್ಮಕಮಲದ ಹತ್ತಿರದ ನೆಂಟನೇ. ಅದರ ಹೂವೂ ಬಿಳಿ, ದೊಡ್ಡದು, ರಾತ್ರಿ ಅರಳುವಂಥದು; ಎರಡನ್ನೂ ಅಕ್ಕಪಕ್ಕ ಇಟ್ಟರೆ ಅಕ್ಕತಂಗಿಯರಂತೆ ಕಾಣುತ್ತವೆ. 2021ರ ಜನವರಿಯಲ್ಲಿ ಗುಜರಾತ್ ಸರ್ಕಾರ ಆ ಹಣ್ಣಿಗೆ ‘ಕಮಲಂ’ ಎಂದು ಹೆಸರಿಟ್ಟಿತು. 2023ರಲ್ಲಿ ತುಮಕೂರು ಜಿಲ್ಲೆಯ ಹಿರೇಹಳ್ಳಿಯಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಆಶ್ರಯದಲ್ಲಿ ಈ ಬೆಳೆಗೆ ಉತ್ಕೃಷ್ಟತಾ ಕೇಂದ್ರ ಮಂಜೂರಾದಾಗಲೂ ಕಾಗದಪತ್ರದಲ್ಲಿ ಬಂದದ್ದು ಅದೇ ಹೆಸರು. ಹೀಗೆ ಅಮೆರಿಕದ ಒಂದೇ ಕಳ್ಳಿ ಬಳಗಕ್ಕೆ ಭಾರತದಲ್ಲಿ ಎರಡು ಸಲ ಕಮಲದ ಪಟ್ಟ ಸಿಕ್ಕಿತು. ಮೊದಲನೆಯದು ಜನ ಕೊಟ್ಟದ್ದು, ಎರಡನೆಯದು ಸರ್ಕಾರ ಕೊಟ್ಟದ್ದು.

ಮನೆಯ ಕುಂಡಗಳಲ್ಲಿ ಈ ಗಿಡಗಳು ಸುಭಿಕ್ಷವಾಗಿದ್ದರೂ ತವರಿನಲ್ಲಿ ಎಲ್ಲ ಕಳ್ಳಿಗಳ ಸ್ಥಿತಿ ಹಾಗಿಲ್ಲ. 2015ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯೊಂದು ಕ್ಯಾಕ್ಟಸ್ ಪ್ರಭೇದಗಳಲ್ಲಿ ಶೇ 31ರಷ್ಟು ಅಳಿವಿನ ಅಪಾಯದಲ್ಲಿವೆ ಎಂದು ಕಂಡುಕೊಂಡಿತು. ಕೃಷಿಗಾಗಿ ಭೂಮಿ ಕಳೆದುಕೊಳ್ಳುವುದರ ಜೊತೆಗೆ ಸಂಗ್ರಹಕಾರರಿಗೆಂದು ಕಾಡಿನಿಂದ ಕಿತ್ತು ಮಾರುವುದು ಅದಕ್ಕೆ ಮುಖ್ಯ ಕಾರಣ. ಕ್ರಿಸ್‌ಮಸ್ ಕಳ್ಳಿಯ ಕುಲದ ಕೆಲವು ಪ್ರಭೇದಗಳು ಬ್ರೆಜಿಲ್‌ನ ಕೆಲವೇ ಬೆಟ್ಟಗಳಿಗೆ ಸೀಮಿತವಾಗಿವೆ. ಹಿಮಾಲಯದ ಬ್ರಹ್ಮಕಮಲಕ್ಕೂ ಪೂಜೆ ಮತ್ತು ನಾಟಿ ಔಷಧಿಗಾಗಿ ಕೀಳುವವರ ಕಾಟವಿದೆ. ಬೀಜವಾಗುವ ಮುನ್ನವೇ ಹೂವು ಕಿತ್ತರೆ ಮುಂದಿನ ಪೀಳಿಗೆಗೆ ದಾರಿಯಿಲ್ಲ. ಕುಂಡದ ಬ್ರಹ್ಮಕಮಲದಿಂದ ಯಾವ ಕಾಡಿಗೂ ನಷ್ಟವಿಲ್ಲ ಎಂಬುದು ಅದರ ದೊಡ್ಡ ಗುಣ.

ಗಿಡ ಬೇಕಾದವರು ಹಣ ಕೊಡಬೇಕಾಗಿಯೂ ಇಲ್ಲ. ಹೂವಿನ ಸುತ್ತು ಮುಗಿದ ಮೇಲೆ, ಪರಿಚಯದವರ ಮನೆಯ ಬಲಿತ ಕಾಂಡದಿಂದ ಗೇಣುದ್ದದ ತುಂಡನ್ನು ಕೇಳಿ ತಂದರಾಯಿತು. ತಂದ ದಿನವೇ ನೆಡಬಾರದು. ಕತ್ತರಿಸಿದ ಗಾಯ ಒಣಗಲು ನಾಲ್ಕೈದು ದಿನ ನೆರಳಿನಲ್ಲಿ ಇಡಬೇಕು. ಬುಡ ಯಾವುದು, ತುದಿ ಯಾವುದು ಎಂದು ಗುರುತು ಮಾಡಿಕೊಂಡಿರಬೇಕು, ತಲೆಕೆಳಗಾಗಿ ನೆಟ್ಟರೆ ಬೇರು ಬಿಡದು. ಎರಡು ಅಂಗುಲ ಮಣ್ಣಿನೊಳಗೆ ಇಳಿಸಿ, ಅಲುಗಾಡದಂತೆ ಒಂದು ಕಡ್ಡಿಗೆ ಕಟ್ಟಿ, ಮೊದಲ ವಾರ ನೀರು ಹಾಕದೆ ಆಮೇಲೆ ಮಣ್ಣು ತುಸು ತೇವವಾಗಿರುವಂತೆ ನೋಡಿಕೊಂಡರೆ ಮೂರು ನಾಲ್ಕು ವಾರದಲ್ಲಿ ಬೇರು ಹಿಡಿಯುತ್ತದೆ. ಮೆಲ್ಲಗೆ ಎಳೆದು ನೋಡಿದಾಗ ತುಂಡು ಮೇಲೆ ಬಾರದಿದ್ದರೆ ಬೇರು ಹಿಡಿದಿದೆ ಎಂದು ತಿಳಿಯಬಹುದು. ದಿನವೂ ಎಳೆದು ನೋಡುವವರ ಗಿಡ ಮಾತ್ರ ಬೇರು ಹಿಡಿಯುವುದಿಲ್ಲ.